ಹಾಡಿ ಅಳೆಯುವ ಇಂಕೇರಿ

ಇಂಕೇರಿ ಮಾಕಿಯವರು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಗೋಡೆಯ ಬುಡವನ್ನು. ಅಲ್ಲಿ ಚಾರ್ಜರಿನಿಂದ ಯಾವ ಕೇಬಲ್ಲು ಇಳಿಬಿದ್ದಿದೆ, ಅದರ ಕುತ್ತಿಗೆ ಸೀಳಿದೆಯೇ, ಯಾವನಾದರೂ ಅವಿವೇಕಿ ಅದನ್ನು ಬಿಗಿಯಾಗಿ ಸುತ್ತಿ ಉಸಿರುಗಟ್ಟಿಸಿದ್ದಾನೆಯೇ ಎಂಬುದನ್ನೆಲ್ಲ ಕನ್ನಡಕದ ಮೇಲಂಚಿನಿಂದ ಪರಾಂಬರಿಸಿ, ಆಮೇಲೆ ಬೂಟು ಕಳಚಿ, ಆಮೇಲೆ "ಹೇಗಿದ್ದೀರಿ?" ಎನ್ನುವರು. ಮದುವೆಯ ಮನೆಯಾಗಲಿ, ಸಾವಿನ ಮನೆಯಾಗಲಿ, ಈ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ. ಥಂಡರ್ ಬೇ ಎಂಬ ಈ ಬಂದರು ಪಟ್ಟಣಕ್ಕೆ ಹಡಗೇರಿ ಬಂದು ನೆಲೆಸಿದ ನಮ್ಮ ಫಿನ್ನಿಶ್ ಜನ ಮಾತಿನಲ್ಲಿ ಜಿಪುಣರು, ಕಾಫಿಯಲ್ಲಿ ಧಾರಾಳಿಗಳು. ಹಾಗಾಗಿ ಯಾರೂ ಬಾಯಿಬಿಟ್ಟು ಆಕ್ಷೇಪಿಸಲಿಲ್ಲ. ಅವರು ಬರುತ್ತಾರೆಂದು ತಿಳಿದರೆ ಹರಿದ ಕೇಬಲ್ಲನ್ನು ಸೋಫಾದ ಹಿಂದಕ್ಕೆ ತಳ್ಳಿ ಕಾಫಿಗೆ ನೀರಿಡುತ್ತಿದ್ದರು, ಅಷ್ಟೆ.

ನೀಳವಾದ, ಎಲುಬು ಎದ್ದು ಕಾಣುವ ಮೈ. ಬದುಕಿಡೀ ಶಾಲೆಯ ಮಕ್ಕಳಿಗೆ ಹಾಡು ಕಲಿಸಿದ್ದರಿಂದಲೋ ಏನೋ ನಡಿಗೆಯಲ್ಲೊಂದು ತಾಳ. ಹಿಮ ಗಟ್ಟಿಯಾಗಿ ಊರಿಗೆ ಊರೇ ಜಾರಿ ಬೀಳುವ ದಿನಗಳಲ್ಲೂ ಅವರ ಹೆಜ್ಜೆ ಲಯ ತಪ್ಪುತ್ತಿರಲಿಲ್ಲ. ಮೈಮೇಲೆ ಗಂಡನ ಕಡುನೀಲಿ ಉಣ್ಣೆಯ ಕೋಟು. ಓಲಾವಿ ಬಂದರಿನ ಧಾನ್ಯದ ಕಣಜದಲ್ಲಿ ದುಡಿಯುತ್ತಿದ್ದ ಆಜಾನುಬಾಹು. ಆತ ತೀರಿಕೊಂಡ ಮೇಲೆ ಇಂಕೇರಿ ಆ ಕೋಟನ್ನು ತೊಟ್ಟರು, ಆದರೆ ತೋಳನ್ನು ಕತ್ತರಿಸಿ ತಮ್ಮ ಅಳತೆಗೆ ತಂದುಕೊಳ್ಳಲಿಲ್ಲ, ಮಡಚಿಕೊಂಡರು. ಒಳಗಡೆ ಮಾತ್ರ ಸಾಲಾಗಿ ಜೇಬು ಹೊಲಿದರು, ಜೇಬಿಗೊಂದರಂತೆ ಕೇಬಲ್ಲು. ಚರ್ಚಿನಲ್ಲಿ ಅವರು ಮಂಡಿಯೂರಿದಾಗ ಕೋಟಿನೊಳಗಿಂದ ಸಣ್ಣಗೆ ಲೋಹದ ಸದ್ದು ಬರುತ್ತಿತ್ತು.

ಅದೇ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಮಧ್ಯಾಹ್ನ ನಮ್ಮದೊಂದು ರಿಪೇರಿ ಮೇಜು ನಡೆಯುತ್ತದೆ. ಕೆಟ್ಟ ಟೋಸ್ಟರು, ನಿಂತ ಗಡಿಯಾರ, ಹಲ್ಲು ಕಳೆದುಕೊಂಡ ಜಿಪ್ಪು ಎಲ್ಲಕ್ಕೂ ಅಲ್ಲಿ ಒಬ್ಬರಿರುತ್ತಾರೆ. ಕಾಫಿ ಕಾಸಿ, ಏಲಕ್ಕಿ ಹಾಕಿ ಜಡೆಯಂತೆ ಹೆಣೆದು ಸುಟ್ಟ ಬ್ರೆಡ್ಡನ್ನು ಹೆಚ್ಚಿಡುವುದು ನನ್ನ ಕೆಲಸ. ಮೂಲೆಯ ಮೇಜು ಇಂಕೇರಿಯವರದು, ಅಲ್ಲಿ ಕೇಬಲ್ ವಿಚಾರ ಬಿಟ್ಟು ಬೇರೆ ಮಾತಿಲ್ಲ. ಟೈಪ್-ಸಿ ಎಂಬುದು ಬಂದ ಮೇಲೆ ಎಲ್ಲ ಕೇಬಲ್ಲಿಗೂ ಒಂದೇ ಮುಖವಾಗಿ, ಲೋಕ ಸರಳವಾಯಿತೆಂದು ಜನ ಹಿಗ್ಗಿದರು, ಇಂಕೇರಿ ಹಿಗ್ಗಲಿಲ್ಲ. ತುದಿ ನೋಡಿದರೆ ಎಲ್ಲವೂ ಅವಳಿಜವಳಿ, ಗುಣ ನೋಡಿದರೆ ಉತ್ತರ ದಕ್ಷಿಣ. ಒಂದು ಕೇಬಲ್ಲು ವಿದ್ಯುತ್ತನ್ನು ತುಂಬಿದ ಹೊಳೆಯಂತೆ ಹರಿಸುತ್ತದೆ, ಆದರೆ ಫೋಟೋ ವಿಡಿಯೊ ದಾಟಿಸು ಎಂದರೆ ಸೋರುವ ನಲ್ಲಿಯಂತೆ ತೊಟ್ಟಿಕ್ಕುತ್ತದೆ. ಇನ್ನೊಂದು ನೋಟಕ್ಕೆ ಬಡಕಲು, ಎರಡೂ ಕೆಲಸವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. "ಮೈ ನೋಡಿ ಮರುಳಾಗ್ಬೇಡ, ಹಾಡಿ ನೋಡು" ಎನ್ನುವುದು ಅವರ ಬಾಯಲ್ಲಿ ಸದಾ ಕುಣಿಯುತ್ತಿದ್ದ ಮಾತು. ನೆರೆಮನೆಯ ಹುಡುಗಿ ಮದುವೆಯಾಗಲಿರುವ ಹುಡುಗನನ್ನು ತೋರಿಸಲು ಕರೆತಂದಾಗಲೂ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಡಿ ನೋಡಿದ್ದೀಯೇನೇ?" ಎಂದು ಕೇಳಿಬಿಟ್ಟಿದ್ದರು.

ಹಾಡುವುದೆಂದರೆ ನಿಜವಾಗಿಯೂ ಹಾಡುವುದೇ. ನಮ್ಮ ಗಾಯಕವೃಂದದ ಕ್ರಿಸ್‌ಮಸ್ ಕಾರ್ಯಕ್ರಮದ ವಿಡಿಯೊ ಅವರ ಲ್ಯಾಪ್‌ಟಾಪಿನಲ್ಲಿತ್ತು. ಪರೀಕ್ಷೆಗೆ ಬಂದ ಕೇಬಲ್ಲಿನಿಂದ ಅದನ್ನು ಪುಟ್ಟದೊಂದು ಡಿಸ್ಕಿಗೆ ನಕಲು ಮಾಡಲು ಹಚ್ಚಿ, ಕಣ್ಣು ಮುಚ್ಚಿ, ಒಂದು ಹಳೆಯ ಕೀರ್ತನೆಯನ್ನು ಎತ್ತಿಕೊಳ್ಳುವರು. ಮೊದಲ ಚರಣ ಮುಗಿಯುವುದರೊಳಗೆ ನಕಲು ಮುಗಿದರೆ ಕೇಬಲ್ಲು ಗೆದ್ದಿತು, ಅದರ ಕುತ್ತಿಗೆಗೆ ಕೆಂಪು ಉಣ್ಣೆಯ ಗಂಟು. ಹಾಡು ಸಾಗುತ್ತಲೇ ಹೋದರೆ ಬೂದು ಉಣ್ಣೆ. ಅದು ಚಾರ್ಜಿಗೆ ಮಾತ್ರ. ಗಡಿಯಾರ ನೋಡಬಾರದೇಕೆ ಎಂದು ಕೇಳಿದವರಿಗೆ, ಗಡಿಯಾರ ನೋಡುತ್ತಾ ಕೂತರೆ ಬೇಜಾರು, ಹಾಡಿದರೆ ಕಾಯುವುದೂ ಒಂದು ಕೆಲಸ ಎಂದು ಉತ್ತರ. ಒಮ್ಮೆ ಪಾದ್ರಿಗಳೇ ಪೇಟೆಯಿಂದ ದುಬಾರಿ ಕೇಬಲ್ಲೊಂದನ್ನು ತಂದು ಹೆಮ್ಮೆಯಿಂದ ಮೇಜಿನ ಮೇಲಿಟ್ಟರು. ಇಂಕೇರಿ ಹಾಡಿದರು, ಒಂದು ಚರಣವಾಯಿತು, ಎರಡಾಯಿತು, ಮೂರನೆಯದಕ್ಕೆ ಪಾದ್ರಿಗಳೂ ದನಿಗೂಡಿಸಿದರು. ಕೊನೆಗೆ ಕಣ್ಣು ತೆರೆದು, "ಪಾದ್ರಿಗಳೇ, ಕಂಠ ಚೆನ್ನಾಗಿದೆ ನಿಮ್ದು. ಕೇಬಲ್ಲು ಚಾರ್ಜಿಗಾಯ್ತು, ಬಿಡಿ" ಎಂದು ಬೂದು ಉಣ್ಣೆ ಕಟ್ಟಿಕೊಟ್ಟರು.

ಆದರೆ ಕೋಟಿನ ಎಡಗಡೆ, ಎದೆಗೆ ತೀರ ಹತ್ತಿರದ ಜೇಬಿನಲ್ಲಿ ಒಂದು ಕೇಬಲ್ಲಿತ್ತು. ಹಗ್ಗದಷ್ಟು ದಪ್ಪ, ಮೈತುಂಬ ನೇಯ್ಗೆ, ಬೆಳ್ಳಿಯಂತೆ ಹೊಳೆಯುವ ತುದಿ. ಓಲಾವಿ ತನ್ನ ಕೊನೆಯ ವರ್ಷ ಹೆಂಡತಿಯ ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಕಾಗದ ಬಿಚ್ಚಿದ ಗಳಿಗೆಯಲ್ಲೇ ಇಂಕೇರಿ ಅದಕ್ಕೆ ಕೆಂಪು ಗಂಟು ಕಟ್ಟಿದ್ದರು. ಊರಿನ ಕೇಬಲ್ಲುಗಳೆಲ್ಲ ಅವರ ಹಾಡಿಗೆ ತಲೆಯೊಡ್ಡಿದ್ದವು, ಅದೊಂದು ಒಡ್ಡಿರಲಿಲ್ಲ. ಕಾಫಿ ಕೊಡುವಾಗ ನಾನೊಮ್ಮೆ ಮೆಲ್ಲನೆ ಕೇಳಿದ್ದುಂಟು. "ಉಡುಗೊರೆಗೆ ಯಾರಾದ್ರೂ ಪರೀಕ್ಷೆ ಇಡ್ತಾರೇನೇ?" ಎಂದು ಲೋಟ ತೆಗೆದುಕೊಂಡರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡು ನಾನು ಬ್ರೆಡ್ಡು ಹೆಚ್ಚಲು ಹೋದೆ.

ಕಳೆದ ಚಳಿಗಾಲದಲ್ಲಿ ರೈಮೊ ಹಿಯೆತಲ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದ. ಮರದ ದಿಮ್ಮಿ ಸಾಗಿಸುವ ಲಾರಿಯ ಚಾಲಕ, ತಲೆ ನರೆತವನು. ಶಾಲೆಯಲ್ಲಿ ಇಂಕೇರಿಯವರ ಶಿಷ್ಯನಾಗಿದ್ದು, ಶ್ರುತಿ ಸೇರದ ಕಾರಣಕ್ಕೆ ಗಾಯನದ ಸಾಲಿನಲ್ಲಿ ಬರೀ ಬಾಯಾಡಿಸುವ ಅಪ್ಪಣೆ ಪಡೆದವನು. ಫೋನನ್ನು ಎರಡೂ ಕೈಯಲ್ಲಿ ಹಕ್ಕಿಮರಿಯ ಹಾಗೆ ಹಿಡಿದಿದ್ದ.

"ಟೀಚರ್, ಇದು ಸಾಯ್ತಿದೆ."

"ಫೋನು ತಾನೇ? ಹೊಸದು ತಗೋ."

"ಒಳಗೆ ಅಮ್ಮ ಇದ್ದಾಳೆ, ಟೀಚರ್."

ಅವನ ತಾಯಿ ಹೆಲ್ವಿಯನ್ನು ನಾವೆಲ್ಲ ಬಲ್ಲೆವು. ಶರತ್ಕಾಲದಲ್ಲಿ ಪಾರ್ಶ್ವವಾಯು ಬಡಿದು ಮಾತು ಹೋಗಿತ್ತು. ಕಣ್ಣು ಎಲ್ಲವನ್ನೂ ಅರಿಯುತ್ತಿತ್ತು, ನಾಲಿಗೆ ಏಳುತ್ತಿರಲಿಲ್ಲ. ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ಆಕೆ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ, ಹಡಗಿನಲ್ಲಿ ಈ ದೇಶಕ್ಕೆ ಬಂದ ಕತೆ ಹೇಳುತ್ತಾ, ನಡುನಡುವೆ ಲಾಲಿ ಹಾಡುತ್ತಾ ಇದ್ದುದನ್ನೆಲ್ಲ ರೈಮೊ ಎಲ್ಲೂ ನಿಲ್ಲಿಸದೆ ಫೋನಿನಲ್ಲಿ ವಿಡಿಯೊ ಮಾಡಿಕೊಂಡಿದ್ದ. ಆಕೆಯ ದನಿ ಈಗ ಅದರಲ್ಲಲ್ಲದೆ ಬೇರೆಲ್ಲೂ ಉಳಿದಿರಲಿಲ್ಲ. ಫೋನಿನ ಬ್ಯಾಟರಿ ಕೆಟ್ಟು, ಕೇಬಲ್ ಸಿಕ್ಕಿಸಿದರೆ ಮಾತ್ರ ಜೀವ ಬರುತ್ತಿತ್ತು, ಸ್ವಲ್ಪ ಹೊತ್ತಿಗೇ ಕಾದ ಕಾವಲಿಯಾಗಿ ಆರುತ್ತಿತ್ತು. ಅಷ್ಟರೊಳಗೆ ಆ ಉದ್ದನೆಯ ವಿಡಿಯೊ ಪೂರ್ತಿ ಈಚೆ ಬರಬೇಕು; ನಡುವೆ ಕಡಿದರೆ ಮತ್ತೆ ಮೊದಲಿನಿಂದ.

"ಇಂಟರ್ನೆಟ್ಟಲ್ಲಿ ಒಂದು ನಕಲು ಇಡೋಕೇನಾಗಿತ್ತೋ ನಿನಗೆ?"

"ಜಾಗ ಇಲ್ಲ, ಜಾಗ ಮಾಡು ಅಂತ ಫೋನು ಬಡ್ಕೊಳ್ತಾನೇ ಇತ್ತು. ನಾನು ನಾಳೆ ನಾಳೆ ಅಂದೆ."

"ನಿನ್ನ ಹೋಮ್‌ವರ್ಕೂ ಹೀಗೇ ಇತ್ತು." ಬೈಯುತ್ತಲೇ ಇಂಕೇರಿ ಅವನಿಗೆ ಕುರ್ಚಿ ಎಳೆದುಕೊಟ್ಟರು. "ಚಾರ್ಜೂ ಕೊಡ್ಬೇಕು, ಓಡ್ಲೂಬೇಕು. ಇವತ್ತು ಓಲಾವೀದೇ ಆಗ್ಬೇಕು."

ಎದೆಯ ಜೇಬಿನಿಂದ ಆ ದಪ್ಪ ಕೇಬಲ್ಲು ಹೊರಬಂತು. ಫೋನು ಬೆಳಗಿತು, ನಕಲು ಶುರುವಾಯಿತು. ಅರ್ಧ ಗಂಟೆ ಬೇಕೆಂದು ಲ್ಯಾಪ್‌ಟಾಪು ಹೇಳಿತು. "ಇದು ಹೀಗೇ, ಮೊದಲು ಹೆದರಿಸುತ್ತೆ" ಎಂದರು ಇಂಕೇರಿ. ಹಸಿರು ಪಟ್ಟಿ ಇರುವೆಯಂತೆ ತೆವಳುತ್ತಾ ಮೂರನೆಯ ಒಂದು ಪಾಲು ದಾಟುವುದರೊಳಗೆ ಫೋನು ಆರಿತು.

"ಹೊರಗೆ ಹಿಮದಲ್ಲಿಟ್ಟು ತಣ್ಣಗೆ ಮಾಡ್ಲಾ, ಟೀಚರ್?"

"ಮಾಡು, ಮಾಡು, ನೀರು ಕುಡ್ದಾದ್ರೂ ಸಾಯ್ಲಿ ಅದು!"

ಹಿಮಕ್ಕೆ ಬದಲು ಬಾಗಿಲ ಬಳಿಯ ತಣ್ಣನೆಯ ಕಲ್ಲಿನ ಮೇಲೆ ಫೋನನ್ನಿಟ್ಟು ಕಾದರು. ಎರಡನೆಯ ಸಲ ಅದು ತೊದಲುತ್ತಾ ಎದ್ದು, ಇನ್ನೂ ಬೇಗನೆ ಆರಿತು. ಇಂಕೇರಿ ಫೋನಿಗೆ ಬೈದರು, ಲ್ಯಾಪ್‌ಟಾಪಿಗೆ ಬೈದರು, ನನ್ನ ಕಾಫಿ ತಣ್ಣಗಾಯಿತೆಂದು ನನಗೂ ಬೈದರು; ಕೇಬಲ್ಲಿಗೆ ಮಾತ್ರ ಬೈಯಲಿಲ್ಲ. ರೈಮೊ ಎರಡೂ ಕೈಯನ್ನು ತೊಡೆಯ ಮೇಲೆ ಚೆಲ್ಲಿ ಕೂತಿದ್ದ. ತರಗತಿಯಲ್ಲಿ ಹೆದರಿ ಕೈಯೆತ್ತುವ ಹುಡುಗನ ದನಿಯಲ್ಲಿ ಕೇಳಿದ:

"ಟೀಚರ್, ಇದನ್ನ... ಹಾಡಿ ನೋಡಿದ್ದೀರಾ?"

ಪಕ್ಕದಲ್ಲಿ ಗಡಿಯಾರ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. "ಉಡುಗೊರೆಗೆ ಯಾರಾದ್ರೂ..." ಎಂದು ಇಂಕೇರಿ ಶುರುಮಾಡಿ, ರೈಮೊನ ಮುಖ ನೋಡಿದರು. ಫೋನನ್ನು ಮತ್ತೆ ಕಲ್ಲಿನ ಮೇಲಿಟ್ಟು, ಡಿಸ್ಕನ್ನು ಹತ್ತಿರಕ್ಕೆಳೆದು, ಓಲಾವಿಯ ಕೇಬಲ್ಲನ್ನು ಅದಕ್ಕೆ ಸಿಕ್ಕಿಸಿ ಕಣ್ಣು ಮುಚ್ಚಿದರು.

ಮೊದಲ ಚರಣ ಎಂದಿನಂತೆಯೇ ಬಂತು. ಎರಡನೆಯದೂ ಬಂತು. ಮೂರನೆಯದರಲ್ಲಿ ದನಿ ಒಡೆಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು, ಪಾದ್ರಿಗಳ ಕೇಬಲ್ಲಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಕೇಳಿರಲಿಲ್ಲ. ಆದರೆ ಗಂಡನ ಕೇಬಲ್ಲಿಗೆ ಇನ್ನೊಂದು ಅವಕಾಶ, ಮತ್ತೊಂದು ಅವಕಾಶ ಎಂಬಂತೆ ಆಕೆ ಕೊನೆಯ ಚರಣದವರೆಗೂ ಹಾಡಿದರು. ಹಾಡು ಮುಗಿಯಿತು, ನಕಲು ಮುಗಿದಿರಲಿಲ್ಲ.

ಕೆಂಪು ಗಂಟು ಹಳತಾಗಿ ಕಲ್ಲಾಗಿತ್ತು, ಹಲ್ಲಿನಿಂದ ಬಿಡಿಸಿದರು. ಬೂದು ಉಣ್ಣೆಯನ್ನು ಕಟ್ಟುತ್ತಾ ನನ್ನ ಕಡೆ ತಿರುಗಿ, "ಅವನಿಗೆ ಇದೆಲ್ಲ ಎಲ್ಲಿ ಗೊತ್ತಿತ್ತೇ? ದಪ್ಪ ಇದ್ರೆ ಗಟ್ಟಿ ಅಂತ ತಿಳ್ಕೊಂಡಿದ್ದ. ಅಂಗಡೀಲಿ ಇದ್ದಿದ್ರಲ್ಲೇ ಎಲ್ಲಕ್ಕಿಂತ ದಪ್ಪದ್ದನ್ನ ನನಗೇಂತ ಹುಡುಕಿದ್ದಾನೆ" ಎಂದರು. ಅತ್ತರೆಂದು ಹೇಳಲಾರೆ, ಕನ್ನಡಕವನ್ನು ಮಾತ್ರ ಕೋಟಿನ ತೋಳಿನಿಂದ ಒರೆಸಿಕೊಂಡರು.

ಆಮೇಲೆ ಕೋಟಿನ ಕೆಳಜೇಬಿನಿಂದ ಒಂದು ಗಿಡ್ಡ ಕೇಬಲ್ಲನ್ನು ತೆಗೆದರು. ಗೇಣುದ್ದವಿಲ್ಲ, ಬಣ್ಣ ಮಾಸಿದೆ, ಯಾರೂ ಎರಡನೆಯ ಸಲ ತಿರುಗಿ ನೋಡುವಂಥದ್ದಲ್ಲ. ಕುತ್ತಿಗೆಯಲ್ಲಿ ಹಾಡಿ ಗೆದ್ದ ಕೆಂಪು ಗಂಟು. ಫೋನು ಎಷ್ಟೋ ಹೊತ್ತು ಏಳಲೇ ಇಲ್ಲ. ಕೊನೆಗೂ ಎದ್ದಿತು. ಇಂಕೇರಿ ಪಿಸುದನಿಯಲ್ಲಿ ಹಾಡತೊಡಗಿದರು, ರೈಮೊ ಅಭ್ಯಾಸಬಲದಿಂದ ಬರೀ ಬಾಯಾಡಿಸಿದ. ಹಾಡು ಇನ್ನೂ ನಡುವಿನಲ್ಲಿರುವಾಗಲೇ ಹಸಿರು ಪಟ್ಟಿ ತುಂಬಿತು. ಫೋನು ಆರಿತು. ಅದು ಮತ್ತೆ ಏಳಲಿಲ್ಲ, ಏಳಬೇಕಾಗಿಯೂ ಇರಲಿಲ್ಲ.

ಲ್ಯಾಪ್‌ಟಾಪಿನಿಂದ ಹೆಲ್ವಿಯ ದನಿ ನೆಲಮಾಳಿಗೆಯನ್ನು ತುಂಬಿತು: "ರೈಮೊ, ಆ ಹಾಳು ಫೋನು ಕೆಳಗಿಟ್ಟು ಹಿಟ್ಟಿಗೆ ಕೈ ಹಚ್ಚೋ, ಸೋಮಾರಿ!" ರೈಮೊ ಜೋರಾಗಿ ನಕ್ಕ, ನಗುತ್ತಲೇ ಮುಖ ಮುಚ್ಚಿಕೊಂಡ. ಇಂಕೇರಿ ಅವನ ನರೆತ ತಲೆಯ ಮೇಲೆ ಕೈಯಿಟ್ಟು, "ಹೋಗು, ಅಮ್ಮನಿಗೆ ಕೇಳಿಸು. ಇವತ್ತೇ ಇನ್ನೆರಡು ನಕಲು ಮಾಡು. ನಾಳೆ ಅಂದ್ರೆ ಕಿವಿ ಹಿಂಡ್ತೀನಿ" ಎಂದರು.

ಓಲಾವಿಯ ಕೇಬಲ್ಲು ಈಗ ಇಂಕೇರಿಯವರ ಹಾಸಿಗೆಯ ಪಕ್ಕದಲ್ಲಿದೆ. ಮೊನ್ನೆ ಅವರ ಮನೆಗೆ ಹೋದಾಗ ನನ್ನ ಕಣ್ಣೂ ಮೊದಲು ಗೋಡೆಯ ಬುಡಕ್ಕೇ ಹೋಯಿತು. ಬೂದು ಗಂಟಿನ ಆ ದಪ್ಪ ಹಗ್ಗ ಅವರ ಫೋನಿಗೆ ಚಾರ್ಜು ತುಂಬುತ್ತಿತ್ತು. "ಚಾರ್ಜಿಗೆ ಇದರಂಥದ್ದು ಊರಲ್ಲೇ ಇಲ್ಲ, ಗೊತ್ತಾ?" ಎಂದರು, ಹಳೆಯ ಜಂಬದಲ್ಲೇ. ಲೋಕದಲ್ಲಿ ಎಲ್ಲವನ್ನೂ ಒರೆಗೆ ಹಚ್ಚುವ ಕಟ್ಟುನಿಟ್ಟಿನ ಜನ ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ, ಅವರ ಎದೆಯ ಜೇಬಿನಲ್ಲಿ ಒರೆಗೆ ಹಚ್ಚದ ಒಂದು ವಸ್ತುವೂ ಇರುತ್ತದೆ. ಅದು ಅವರ ಕುರುಡು ಎಂದು ನಗುವುದು ಸುಲಭ. ಆದರೆ ಇನ್ನೊಬ್ಬರ ತಾಯಿಯ ದನಿ ಉಳಿಯಬೇಕಾದಾಗ ತಮ್ಮ ಕೈಯಿಂದಲೇ ಆ ಗಂಟನ್ನು ಬಿಚ್ಚುವವರೂ ಅವರೇ. ಬಿಚ್ಚಿದ ಮೇಲೆ ವಸ್ತುವನ್ನು ಎಸೆಯದೆ, ಅದಕ್ಕೆ ಆಗುವ ಕೆಲಸ ಕೊಟ್ಟು ಪಕ್ಕದಲ್ಲೇ ಇಟ್ಟುಕೊಳ್ಳುವವರೂ ಅವರೇ. ಮನುಷ್ಯರನ್ನೂ ಅವರು ಹೀಗೆಯೇ ಇಟ್ಟುಕೊಂಡಿರುತ್ತಾರೆ.