ಕಿವಿ ಮುಟ್ಟಿದರೆ

"ಬಾಲ್ ನೋಡ್ಬ್ಯಾಡ ಕಣಮ್ಮಿ, ಕಳ್ಳೀನ ನೋಡು!"

ಯಶೋದ ಮಿಸ್ ಕೂಗಿದ ರಭಸಕ್ಕೆ ಹನೂರಿನ ಹೈಸ್ಕೂಲು ಮೈದಾನದ ಬೇಲಿಯಾಚೆ ಮೇಯುತ್ತಿದ್ದ ಮೇಕೆಗಳೂ ತಲೆ ಎತ್ತಿದವು. ಕಳ್ಳಿ ಎಂದರೆ ಮೂರನೇ ಬೇಸಿನಲ್ಲಿ ಒಂದು ಕಾಲು ಮುಂದಿಟ್ಟು ನಿಂತಿದ್ದ ಓಟಗಾತಿ. ಬೇಸ್‌ಬಾಲಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ಬೇಸು. ಇಲ್ಲಿ ಅವು ಮರಳು ತುಂಬಿ ಹೊಲಿದ ಗೊಬ್ಬರದ ಚೀಲಗಳು. ಮೂರನ್ನೂ ಸುತ್ತಿ ಬಂದು ನಾಲ್ಕನೆಯದಾದ ಹೋಂ ಮುಟ್ಟಿದರೆ ಒಂದು ರನ್. ಎದುರು ಪಕ್ಷದವರು ಒಂದನೇ ಬೇಸಿನಲ್ಲೊಬ್ಬಳು, ಮೂರನೆಯದರಲ್ಲೊಬ್ಬಳು ನಿಂತರೆಂದರೆ ಫಜೀತಿ ಶುರು. ಒಂದರವಳು ಬೇಕೆಂದೇ ಎರಡರ ಕಡೆಗೆ ಓಡುತ್ತಾಳೆ. ಅವಳನ್ನು ಔಟ್ ಮಾಡಲು ಹೋಂ ಹಿಂದೆ ಕೂತ ಕ್ಯಾಚರ್ ಚೆಂಡನ್ನು ಅತ್ತ ಎಸೆದ ಕೂಡಲೇ ಮೂರರವಳು ಹೋಂಗೆ ನುಗ್ಗುತ್ತಾಳೆ. ಮದುವೆಮನೆಯಲ್ಲಿ ಒಬ್ಬ ಮಾತಿಗೆ ಹಿಡಿದುಕೊಂಡಾಗ ಇನ್ನೊಬ್ಬ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋಗುವ ಹಾಗೆ.

ಇದಕ್ಕೆ ಯಶೋದ ಕಂಡುಕೊಂಡಿದ್ದ ಮದ್ದು ಒಂಬತ್ತನೇ ಕ್ಲಾಸಿನ ರೂಪ. ಕ್ಯಾಚರ್ ಎಸೆದ ಚೆಂಡನ್ನು ರೂಪ ನಡುದಾರಿಯಲ್ಲೇ ಹಿಡಿದು ವಾಪಸ್ ಹೋಂಗೆ ಎಸೆದರೆ ಕಳ್ಳಿ ಸಿಕ್ಕಿಬೀಳುತ್ತಾಳೆ. ಆಗ ಎರಡನೇ ಬೇಸು ಕಾಯುವ ಪದ್ಮಿನಿ ಜಾಗ ಬಿಟ್ಟು, ಕಳ್ಳಿ ಹಿಂದಿರುಗುವ ದಾರಿಗೆ ಅಡ್ಡ ನಿಲ್ಲಬೇಕು. ರೂಪ ಹಿಡಿಯದೆ ಬಿಟ್ಟರೆ ಚೆಂಡು ಎರಡನೇ ಬೇಸಿಗೆ ಹೋಗುತ್ತದೆ. ಪದ್ಮಿನಿ ಅಲ್ಲೇ ಇದ್ದು ಓಡಿ ಬರುವವಳನ್ನು ಔಟ್ ಮಾಡಬೇಕು. ಹಿಡಿಯಬೇಕೋ ಬಿಡಬೇಕೋ ಎನ್ನುವುದನ್ನು ಗೆರೆಯಾಚೆ ನಿಂತ ಯಶೋದ ಸನ್ನೆಯಲ್ಲಿ ಹೇಳುತ್ತಿದ್ದಳು.

ಈ ಆಟ ಯಶೋದಳ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಹಾಲಿನವನು ಅಳೆದುಕೊಟ್ಟ ಹಾಲನ್ನು ಒಳಗೆ ಹೋಗಿ ಮತ್ತೊಮ್ಮೆ ಅಳೆಯುವವಳು ಅವಳು. "ನಿನ್ನ ನೆಳ್ಳನ್ನೂ ನಂಬಕ್ಕಿಲ್ಲ ಕಣವ್ವ ನೀನು" ಎಂದು ತವರೂರು ಅಗರದಲ್ಲಿ ಅವಳ ತಾಯಿ ಮಾದೇವಮ್ಮ ಅನ್ನುತ್ತಿದ್ದುದು ಸುಳ್ಳಲ್ಲ. ಹನ್ನೊಂದು ವರ್ಷದಿಂದ ಇಲ್ಲಿ ದೈಹಿಕ ಶಿಕ್ಷಕಿ. ಒಂದು ಸಲವೂ ಅವಳ ತಂಡ ಜಿಲ್ಲೆ ದಾಟಿ ಮೈಸೂರು ಕಂಡಿರಲಿಲ್ಲ. ಈ ವರ್ಷ ಕಾಣಬಹುದಿತ್ತು. ಮೈಸೂರಿನ ವಿಭಾಗ ಮಟ್ಟದಲ್ಲಿ ಆಡಿದವರಿಗೆ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕರೆ ಬರುತ್ತದೆ. ದಿನಾ ಮಾರ್ಟಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ರೂಪ ಆ ಹಾಸ್ಟೆಲಿನ ಬಗ್ಗೆ ಮೂರು ಸಲ ಕೇಳಿದ್ದಳು. ಅಲ್ಲಿ ಮಂಚ ಕೊಡುತ್ತಾರಾ ಎಂದೂ ಕೇಳಿದ್ದಳು.

ಅನುಮಾನ ಹುಟ್ಟಿದ್ದು ಕೊಳ್ಳೇಗಾಲದವರ ಮೇಲೆ ಎರಡು ಅಭ್ಯಾಸದ ಪಂದ್ಯ ಆಡಿದಾಗ. ಯಶೋದ 'ಹಿಡಿ' ಎಂದು ಸನ್ನೆ ಮಾಡಿದಾಗೆಲ್ಲ ಅವರ ಕಳ್ಳಿ ಬೇಸಿಗೆ ಅಂಟಿಕೊಂಡು ನಿಂತಳು. 'ಬಿಡು' ಎಂದಾಗೆಲ್ಲ ಹೋಂಗೆ ನುಗ್ಗಿದಳು. ಒಂದು ಸಲ ಅಲ್ಲ, ಐದಕ್ಕೆ ಐದು ಸಲ. ಸನ್ನೆ ಯಾರೋ ಮಾರಿಕೊಂಡಿದ್ದಾರೆ ಎನ್ನುವುದರಲ್ಲಿ ಯಶೋದಳಿಗೆ ಸಂಶಯವೇ ಉಳಿಯಲಿಲ್ಲ.

ಎರಡನೇ ಪಂದ್ಯದ ಸಂಜೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ರೂಪ ಎದುರು ತಂಡದ ಹುಡುಗಿಯೊಬ್ಬಳ ಜತೆ ಒಂದೇ ಪೊಟ್ಟಣದಿಂದ ಕಡ್ಲೆಕಾಯಿ ತಿನ್ನುತ್ತ ಮನೆಮಾತಾದ ತಮಿಳಿನಲ್ಲಿ ಪಿಸಪಿಸ ಮಾತಾಡುತ್ತಿದ್ದಳು. ಮಿಸ್ಸನ್ನು ಕಂಡೊಡನೆ ಇಬ್ಬರೂ ಸುಮ್ಮನಾದರು.

"ನಮ್ಮತ್ತೆ ಮಗಳು ಮಿಸ್, ಮಾದೇವಿ" ಎಂದಳು ರೂಪ.

ಮೂರನೇ ಬೇಸಿನಲ್ಲಿ ಅಂಟಿಕೊಂಡು ನಿಂತಿದ್ದವಳು ಅವಳೇ. ತಮಿಳು ಬಾರದ ಯಶೋದಳಿಗೆ ಎಲ್ಲವೂ ಅರ್ಥವಾಗಿಹೋಯಿತು.

ಜಿಲ್ಲಾ ಮಟ್ಟದ ಪಂದ್ಯ ಅದೇ ಕೊಳ್ಳೇಗಾಲದವರ ಮೇಲೆ, ಶನಿವಾರ ಯಳಂದೂರಿನಲ್ಲಿ. ಮಾರ್ಟಳ್ಳಿಯಿಂದ ಬೆಳಿಗ್ಗೆ ಬಂದು ಮುಟ್ಟಲಾಗದೆಂದು ರೂಪ ಶುಕ್ರವಾರವೇ ಕೊಳ್ಳೇಗಾಲದ ಅತ್ತೆ ಮನೆಗೆ ಹೊರಟಳು. ಯಶೋದ ತಾನೇ ಬಸ್‌ಸ್ಟ್ಯಾಂಡಿನವರೆಗೆ ಜತೆಗೆ ಬಂದಳು. ಇಂಥ ಅಕ್ಕರೆ ಎಂದೂ ಕಂಡಿರದ ರೂಪ ಹಿಗ್ಗಿಹೋದಳು.

"ಸನ್ನೆ ಬದಲಾಯ್ಸಿದೀನಿ. ನಾಳೆ ನಾನು ಕಿವಿ ಮುಟ್ಟಿದ್ರೆ ಬಿಡು. ಮೊಣಕೈ ಮುಟ್ಟಿದ್ರೆ ಹಿಡಿ. ಎಲ್ರಿಗೂ ಒಬ್ಬೊಬ್ರಿಗೇ ಏಳ್ತಾ ಇವ್ನಿ. ನೀನು ಯಾರ್ ತಾವೂ ಬಾಯಿ ಬಿಡ್ಬ್ಯಾಡ."

"ಪದ್ಮಿನಿ ತಾವೂನಾ ಮಿಸ್?"

"ಯಾರ್ ತಾವೂ ಅಂದ್ರೆ ಯಾರ್ ತಾವೂ."

ರೂಪ ಬಸ್ಸು ಹತ್ತಿದ ಮೇಲೆ ಯಶೋದ ಮೈದಾನಕ್ಕೆ ಮರಳಿ ಉಳಿದ ಎಂಟು ಹುಡುಗಿಯರನ್ನು ಕೂರಿಸಿಕೊಂಡು ತದ್ವಿರುದ್ಧ ಹೇಳಿದಳು: ಕಿವಿ ಮುಟ್ಟಿದರೆ ರೂಪ ಹಿಡಿಯುತ್ತಾಳೆ, ಮೊಣಕೈ ಮುಟ್ಟಿದರೆ ಬಿಡುತ್ತಾಳೆ. ಲೆಕ್ಕಾಚಾರ ಸರಳ. ರೂಪ ರಾತ್ರಿ ಅತ್ತೆ ಮನೆಯಲ್ಲಿ ಬಾಯಿ ಬಿಟ್ಟರೆ, ಕಿವಿ ಮುಟ್ಟಿದ ತಕ್ಷಣ ಮಾದೇವಿ ಓಡಿಯೇ ತೀರುತ್ತಾಳೆ. ಉಳಿದವರಲ್ಲಿ ಯಾರಾದರೂ ಬಾಯಿ ಬಿಟ್ಟಿದ್ದರೆ ಬೇಸಿಗೆ ಅಂಟಿಕೊಂಡು ನಿಲ್ಲುತ್ತಾಳೆ. ಆಟದ ಮೊದಲ ಭಾಗದಲ್ಲಿ ಒಂದು ಸಲ ಪರೀಕ್ಷಿಸುವುದು, ಒಂದು ರನ್ ಹೋದರೆ ಹೋಗಲಿ, ಆಮೇಲೆ ರೂಪಳನ್ನು ಹೊರಗೆ ಕೂರಿಸುವುದು. ಹೆಗ್ಗಣಕ್ಕೆ ಬೋನು ಇಟ್ಟವಳ ಹಾಗೆ ಯಶೋದ ಆ ರಾತ್ರಿ ನೆಮ್ಮದಿಯಾಗಿ ಮಲಗಿದಳು.

ಶನಿವಾರ ಬೆಳಿಗ್ಗೆ ಯಳಂದೂರಿನ ಮೈದಾನದಲ್ಲಿ ರೂಪ ಒಂದು ಡಬ್ಬಿ ತಂದು ಎದುರಿಗೆ ಹಿಡಿದಳು. "ಇಡ್ಲಿ ಮಿಸ್. ಅತ್ತೆ ಕೊಟ್ಟವ್ರೆ. ನೀವು ಎಂಗೂ ತಿಂದಿರಕ್ಕಿಲ್ಲ ಅಂತ ನಾನೇ ಏಳಿದ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಕಳ್ಳಿ ಎಂದು ಕರೆಯುವ ಮೊದಲೇ ಇಡ್ಲಿ ಬಂದಿತ್ತು. ಯಶೋದ ಡಬ್ಬಿಯನ್ನು ತೆರೆಯದೆ ಪದ್ಮಿನಿಯ ಕೈಗೆ ದಾಟಿಸಿದಳು. ರೂಪ ಅದನ್ನು ನೋಡಿದಳು.

ಬೋನು ಇಟ್ಟರೇನು, ಹೆಗ್ಗಣ ಬರಬೇಕಲ್ಲ. ಆಟ ಮುಕ್ಕಾಲು ಮುಗಿದರೂ ಒಂದರಲ್ಲೊಬ್ಬಳು ಮೂರರಲ್ಲೊಬ್ಬಳು ನಿಲ್ಲುವ ಪ್ರಸಂಗವೇ ಬರಲಿಲ್ಲ. ಹನೂರಿನವರು ಐದು, ಕೊಳ್ಳೇಗಾಲದವರು ನಾಲ್ಕು. ಅತ್ತ ಬಿಳಿಗಿರಿಯ ಮೇಲೆ ಮೋಡ ಕಟ್ಟುತ್ತಿತ್ತು. ರೂಪ ಅಷ್ಟರಲ್ಲಿ ನಾಲ್ವರನ್ನು ಔಟ್ ಮಾಡಿದ್ದಳು; ಒಂದು ಚೆಂಡಿಗೆ ಬಿದ್ದು ಮಂಡಿ ತರಚಿತ್ತು. ಯಶೋದಳಿಗೆ ಈಗ ಗೆಲುವೊಂದೇ ಕಾಣುತ್ತಿತ್ತು. ಕೊನೆಯ ಸರದಿ, ಇಬ್ಬರು ಔಟ್, ಇನ್ನೊಬ್ಬಳು ಔಟಾದರೆ ಮೈಸೂರು.

ಆಗ ಬಂತು. ಒಂದರಲ್ಲೊಬ್ಬಳು. ಮೂರರಲ್ಲಿ ಮಾದೇವಿ.

ಒಂದರವಳ ಹಿಮ್ಮಡಿ ಎದ್ದಿತ್ತು, ಓಡುವುದು ಖಚಿತ. ಮಾದೇವಿ ನುಗ್ಗಿದರೆ ಐದಕ್ಕೆ ಐದು. ಅವಳನ್ನು ಹಿಡಿಯಬೇಕು, ಅಷ್ಟೇ. ಯಶೋದ ಎಂದಿನಂತೆ ರೂಪಳನ್ನೇ ದುರುಗುಟ್ಟಿ ನೋಡಿದಳು. ಕೈ ತಾನಾಗಿ ಎದ್ದು ಕಿವಿ ಮುಟ್ಟಿತು.

ಮುಟ್ಟಿದ ಮೇಲೆ ನೆನಪಾಯಿತು. ಎಂಟು ಜನರಿಗೆ ಹೇಳಿದ್ದು ನೆನಪಿದ್ದು, ಒಬ್ಬಳಿಗೆ ಹೇಳಿದ್ದು ಮರೆತುಹೋಗಿತ್ತು. "ನಿಲ್ಸಿ!" ಎಂದು ಬಾಯಿ ತೆರೆಯುವಷ್ಟರಲ್ಲಿ ಬೌಲ್ ಮಾಡುವವಳ ಕೈಯಿಂದ ಚೆಂಡು ಕ್ಯಾಚರ್ ಕಡೆಗೆ ಹೊರಟಿತ್ತು.

ಒಂದರವಳು ಓಡಿದಳು. ಕ್ಯಾಚರ್ ಎದ್ದು ಎಸೆದಳು. ಪದ್ಮಿನಿ ಹೇಳಿಕೊಟ್ಟಂತೆ ಎರಡನೇ ಬೇಸು ಬಿಟ್ಟು ಮಾದೇವಿಯ ದಾರಿಗೆ ಓಡಿದಳು. ರೂಪ ಚೆಂಡಿನ ಎದುರಿಗೆ ಬಂದಳು, ಕೈ ಎತ್ತಿದರೆ ಸಿಗುತ್ತಿತ್ತು. ಅವಳು ತಲೆ ಬಗ್ಗಿಸಿ ಅದನ್ನು ಹೋಗಗೊಟ್ಟಳು. ಯಾರೂ ಇಲ್ಲದ ಎರಡನೇ ಬೇಸಿನ ಮೇಲೆ ಹಾಯ್ದ ಚೆಂಡು ಹಿಂದೆ ನಿಂತವಳ ಪಕ್ಕದಲ್ಲೇ ಉರುಳಿ ಕಾಂಪೌಂಡಿನವರೆಗೂ ಹೋಯಿತು.

ಮಾದೇವಿ ಓಡಿರಲಿಲ್ಲ. ಕಿವಿ ಮುಟ್ಟಿದಾಗ ಅವಳು ಬೇಸಿಗೆ ಅಂಟಿಕೊಂಡೇ ನಿಂತಿದ್ದಳು. ಚೆಂಡು ದಾಟಿಹೋದದ್ದನ್ನು ಬೆಪ್ಪಾಗಿ ನೋಡಿ, ತಮ್ಮವರೆಲ್ಲ ಕಿರುಚಿದ ಮೇಲಷ್ಟೇ ಹೋಂಗೆ ಓಡಿದಳು. ಹಿಂದೆಯೇ ಇನ್ನೊಬ್ಬಳೂ ಸುತ್ತಿ ಬಂದಳು. ಆರು, ಐದು. ಆಟ ಮುಗಿಯಿತು.

ಬೋನು ಮುಚ್ಚಿಕೊಂಡಿತ್ತು, ಒಳಗಿದ್ದವಳು ಯಶೋದಳೇ.

ಕೊಳ್ಳೇಗಾಲದ ಪಿ.ಟಿ. ಮಾಸ್ಟ್ರು ಮೂರ್ತಿ ನಗುತ್ತ ಬಂದರು. "ಬೇಜಾರ್ ಮಾಡ್ಕಬ್ಯಾಡಿ ಮೇಡಂ. ಕೊನೇದು ನಮಗೂ ಅರ್ಥ ಆಗ್ನಿಲ್ಲ. ನೀವು ಕಿವಿ ಮುಟ್ಟಿ, ಮೂಗು ಮುಟ್ಟಿ, ನಾವು ಅದ ನೋಡ್ತಾನೇ ಇರ್ನಿಲ್ಲ. ಹಿಡಿ ಅನ್ನೋವಾಗೆಲ್ಲ ನೀವು ಆ ಹುಡುಗೀನೇ ನುಂಗೋ ಅಂಗೆ ನೋಡ್ತೀರಿ. ಮೇಡಂ ಕಣ್ಣು ಅವಳ ಮ್ಯಾಲೆ ಬಿದ್ರೆ ಓಡ್ಬ್ಯಾಡಿ ಅಂತ ನಮ್ಮೋರ್ಗೆ ಏಳಿದ್ದೆ, ಅಷ್ಟೆಯ."

ಆ ಕಡೆ ಹುಡುಗಿಯರು ರೂಪಳನ್ನು ಮುತ್ತಿಕೊಂಡಿದ್ದರು. "ಯಾಕಮ್ಮಿ ಬಿಟ್ಟೆ? ಕಿವಿ ಅಂದ್ರೆ ಹಿಡೀಬೇಕಲ್ವಾ?" ಎಂದು ಪದ್ಮಿನಿ ಅಳುತ್ತ ಅವಳ ಭುಜ ಹಿಡಿದು ಅಲುಗಾಡಿಸುತ್ತಿದ್ದಳು. ರೂಪ ಒಂದು ಸಲ ಯಶೋದಳ ಕಡೆ ನೋಡಿದಳು.

"ಮರ್ತೋದೆ ಕಣೇ" ಎಂದಳು. "ನಂದೇ ತಪ್ಪು."

ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದಿದ್ದರಲ್ಲ, ಬಿಡಲಿಲ್ಲ.

ಬಸ್ಸಿನಲ್ಲಿ ರೂಪಳ ಪಕ್ಕ ಯಾರೂ ಕೂರಲಿಲ್ಲ. ಯಶೋದ ಹೋಗಿ ಕೂತಳು. ಬಸ್ಸು ಕೊಳ್ಳೇಗಾಲ ದಾಟಿತು. ಆಮೇಲೆ ರೂಪ ತರಚಿದ ಮಂಡಿಯನ್ನು ಕೈಯಿಂದ ಮುಚ್ಚಿಕೊಂಡು ಮೆಲ್ಲಗೆ ಕೇಳಿದಳು: "ಮಿಕ್ಕೋರ್ಗೆ ಏಳೋದ ಮರ್ತೋಗಿದ್ರಾ ಮಿಸ್?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹುಡುಗಿ ತಾನಾಗಿಯೇ ದಾರಿ ಮಾಡಿಕೊಟ್ಟಿದ್ದಳು. ಯಶೋದಳ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ನಾಚಿಕೆ ಎನ್ನುವುದು ಅವಳನ್ನು ಕೂರಗೊಡಲಿಲ್ಲ. ಎದ್ದು, ಸೀಟಿನ ಕಂಬಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ರೂಪಂದು ತಪ್ಪಲ್ಲ. ಅವಳಿಗೆ ನಾನೇ ಉಲ್ಟಾ ಏಳಿದ್ದೆ. ನಮ್ಮ ಸನ್ನೆನೆಲ್ಲ ಮಾದೇವಿಗೆ ಏಳ್ಕೊಡ್ತಾವ್ಳೆ ಅಂತ ಅನುಮಾನ ಪಟ್ಟಿದ್ದೆ. ಅವಳು ಏಳಿರ್ಲಿಲ್ಲ."

ಪದ್ಮಿನಿ ಬಂದು ರೂಪಳ ಕೈ ಹಿಡಿದುಕೊಂಡಳು. ರೂಪ ಮಿಸ್ಸಿನ ಮುಖ ನೋಡಲಿಲ್ಲ. "ಇಡ್ಲಿ ಡಬ್ಬಿ ಎಲ್ಲಮ್ಮಿ? ಅತ್ತೆಗೆ ವಾಪಸ್ ಕೊಡ್ಬೇಕು" ಎಂದು ಪದ್ಮಿನಿಯನ್ನು ಕೇಳಿದಳು.

ಸೋಮವಾರ ಸಂಜೆ ಎಲ್ಲರೂ ಮೈದಾನಕ್ಕೆ ಬಂದರು. ರೂಪಳೂ ಬಂದಳು. ಮುಂದಿನ ವರ್ಷ ಹತ್ತನೇ ಕ್ಲಾಸು, ಇನ್ನೊಂದು ಅವಕಾಶ ಇತ್ತು. ಯಶೋದ ಸುಣ್ಣದ ಗೆರೆ ಎಳೆದು, ಒಂದರಲ್ಲೊಬ್ಬಳನ್ನು ಮೂರರಲ್ಲೊಬ್ಬಳನ್ನು ನಿಲ್ಲಿಸಿ, ಒಂಬತ್ತೂ ಜನರನ್ನು ಸುತ್ತ ಕರೆದು ಒಟ್ಟಿಗೇ ಹೇಳಿದಳು. "ಕಿವಿ ಅಂದ್ರೆ ಹಿಡಿ. ಮೊಣಕೈ ಅಂದ್ರೆ ಬಿಡು. ಎಲ್ರಿಗೂ ಒಂದೇ."

ಎಲ್ಲರೂ ತಂತಮ್ಮ ಜಾಗಕ್ಕೆ ಹೋದರು. ಯಶೋದ ಈ ಸಲ ರೂಪಳನ್ನು ನೋಡದೆ, ದೂರದ ಬೇಲಿಯ ಕಡೆ ಕಣ್ಣು ನೆಟ್ಟು ಕಿವಿ ಮುಟ್ಟಿದಳು.

ರೂಪ ಕೈ ಎತ್ತಿ ಆಟ ನಿಲ್ಲಿಸಿದಳು. ಎರಡನೇ ಬೇಸಿನ ಹತ್ತಿರಕ್ಕೆ ಹೋಗಿ ಪದ್ಮಿನಿಯ ಕಿವಿಯ ಹತ್ತಿರ ಬಗ್ಗಿದಳು. ಮೆಲ್ಲಗೇ ಕೇಳಿದ್ದು, ಆದರೂ ಗಾಳಿ ಇತ್ತ ಬೀಸುತ್ತಿತ್ತು.

"ನಿಂಗೂ ಅದ್ನೇ ಏಳವ್ರಾ?"

ಪದ್ಮಿನಿ ಹೌದೆಂದು ತಲೆಯಾಡಿಸಿದಳು. ರೂಪ ಕ್ಯಾಚರ್ ಕಡೆ ನಡೆದಳು, ಅವಳನ್ನೂ ಕೇಳಲು. ಯಶೋದ ಕಿವಿಯ ಮೇಲಿಟ್ಟ ಕೈಯನ್ನು ತೆಗೆಯದೆ ಕಾದಳು.