ಗದಿಗೆಪ್ಪನವರ ಎರಡನೇ ಎಡಗಾಲು

ನಾನು ಒಂದು ಕಾಲು. ಎಡಗಾಲು, ಅದೂ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ. ಹುಟ್ಟಿದ್ದು ಪುಣೆಯಲ್ಲಿ, ಕೈಕಾಲು ಕಳೆದುಕೊಂಡ ಸೈನಿಕರಿಗೆ ಹೊಸದನ್ನು ಜೋಡಿಸಿ ಕೊಡುವ ಒಂದು ವರ್ಕ್‌ಶಾಪಿನ ಮೇಜಿನ ಮೇಲೆ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಅಚ್ಚಿನ ಮೇಲೆ ಎಳೆದು, ಕಾಲಿನ ಉಳಿದ ತುಂಡು ಕೂರುವ ನನ್ನ ಬಟ್ಟಲು ಮಾಡಿದರು. ಕೆಳಗೆ ರಬ್ಬರಿನ ಪಾದ ಕೂರಿಸಿದರು, ಮೇಲೆ ತೊಗಲಿನ ಪಟ್ಟಿ ಹೊಲಿದರು. ಬಣ್ಣ ಮಾತ್ರ ಎಡವಟ್ಟಾಯಿತು. ನನ್ನ ಯಜಮಾನರು ಎರೆಮಣ್ಣಿನ ಕಪ್ಪು, ನಾನು ಮೈದಾಹಿಟ್ಟಿನ ಬಿಳುಪು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದ ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದಲೇ ಬಂದದ್ದು, ಅದನ್ನು ಮುಚ್ಚಿಟ್ಟು ಏನು ಮಾಡಲಿ? ಬೇರೆ ಯಾವ ವಸ್ತುವಾದರೂ ಖಾಲಿ ಜಾಗಕ್ಕೆ ಹೋಗುತ್ತದೆ. ನಾನು ಹೋಗಿದ್ದು ಇನ್ನೊಬ್ಬರು ಬಿಟ್ಟುಹೋದ ಜಾಗಕ್ಕೆ. ಆ ಇನ್ನೊಬ್ಬರು ಯಾರೆಂದರೆ, ಯಜಮಾನರ ಹಳೆಯ ಎಡಗಾಲು.

ಯಜಮಾನರ ಹೆಸರು ಗದಿಗೆಪ್ಪ. ನವಲಗುಂದದ ಕಡೆಯವರು, ಹೊಲ ಉಳುವ ಮನೆತನ. ಸೈನ್ಯದಲ್ಲಿ ಅವರ ಕೆಲಸ ನೆಲದಲ್ಲಿ ಹೂತಿಟ್ಟ ಬಾಂಬು ಹುಡುಕಿ ತೆಗೆಯುವುದು. ಆ ಕೆಲಸದಲ್ಲೇ ಕಾಲು ಹೋಯಿತು. ನಾನು ಅವರ ಮೋಟುಗಾಲಿಗೆ ಸಿಕ್ಕಿಕೊಂಡ ಮೊದಲ ದಿನದಿಂದ ಒಂದು ವಿಷಯ ಗಮನಿಸಿದೆ. ಆ ಹೋದ ಕಾಲಿಗೆ ಅವರು 'ನನ್ನ ಕಾಲು' ಅನ್ನುತ್ತಿದ್ದರು. ನನಗೆ 'ಅದು'. 'ಅದನ್ನ ಇತ್ತ ಕೊಡು', 'ಅದಕ್ಕ ಎಣ್ಣಿ ಹಚ್ಚಬೇಕು', 'ಅದು ಕಚ್ಚಾಕತ್ತೈತಿ'. ಮೈಮೇಲೆ ಇಲ್ಲದ್ದು ನನ್ನದು, ಮೈಗೆ ಅಂಟಿಕೊಂಡಿದ್ದು ಅದು! ಎಂಥ ನ್ಯಾಯ ನೋಡಿ. ಒಂದೇ ಒಂದು ಸಲ ನನ್ನನ್ನೂ 'ನನ್ನ ಕಾಲು' ಅನ್ನಲಿ, ಸಾಕು ಎಂದುಕೊಂಡೆ. ಬೇರೇನೂ ಆಸೆ ಇರಲಿಲ್ಲ ನನಗೆ.

ಕೆಲವೊಮ್ಮೆ ಕೂತಲ್ಲೇ ಬಗ್ಗಿ ನನ್ನ ರಬ್ಬರಿನ ಪಾದವನ್ನು ಕೆರೆಯುತ್ತಿದ್ದರು. ಹೋದ ಕಾಲಿನ ಹೆಬ್ಬೆರಳು ತುರಿಸುತ್ತದಂತೆ. ಹೋದ ಮೇಲೂ ತುರಿಸಿಕೊಳ್ಳುವ ಭಾಗ್ಯ ಅದಕ್ಕೆ. ಮೈಯೆಲ್ಲ ಉರಿದುಹೋಗುತ್ತಿತ್ತು ನನಗೆ.

ಊರಿಗೆ ಬಂದ ವರ್ಷವೇ ಹೈಸ್ಕೂಲಿನಲ್ಲಿ ಆಗಸ್ಟ್ ಹದಿನೈದಕ್ಕೆ ಯಜಮಾನರಿಗೆ ಸನ್ಮಾನ ಇಟ್ಟುಕೊಂಡರು. ಬಿಸಿಲಲ್ಲಿ ಧ್ವಜದ ಮುಂದೆ ಅವರನ್ನು ನಿಲ್ಲಿಸಿ, ಸೊಸೈಟಿಯ ಚೇರ್ಮನ್ ಶಿವನಗೌಡರು ಮೈಕು ಹಿಡಿದರು. "ವೈರಿಯ ಗುಂಡಿಗೆ ಎದೆಯೊಡ್ಡಿ, ತಮ್ಮ ಕಾಲನ್ನೇ ತಾಯಿ ಭಾರತಿಯ ಪಾದಕ್ಕೆ ಅರ್ಪಿಸಿದ ಧೀರ" ಎಂದರು. ಜನ ಚಪ್ಪಾಳೆ ತಟ್ಟಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಬಂದವು. ಗೌಡರ ಭಾಷಣ ಮುಕ್ಕಾಲು ಗಂಟೆ ನಡೆಯಿತು. ಅರ್ಪಣೆಯಾದ ಆ ಕಾಲು ಎಲ್ಲೋ ತಣ್ಣಗೆ ಮಲಗಿತ್ತು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತಿದ್ದು ನಾನು. ನನಗೆ ಒಂದು ಬಾಳೆಹಣ್ಣಿನ ಸಿಪ್ಪೆಯಷ್ಟು ಮರ್ಯಾದೆಯೂ ಸಿಗಲಿಲ್ಲ.

ಮನೆಗೆ ಬಂದು ನನ್ನ ಪಟ್ಟಿ ಬಿಚ್ಚುತ್ತ ಯಜಮಾನರು ಹೆಂಡತಿ ಗೌರವ್ವನಿಗೆ ಹೇಳಿದರು: "ವೈರಿ ಎಲ್ಲಿದ್ದ, ಗೌರಿ? ಯುದ್ಧ ಆಗ್ತದ ಅಂತ ಗಡಿಯೊಳಗಿನ ಹೊಲದಾಗ ನಮ್ಮ ಮಂದೀನ ಬಾಂಬ್ ಹುಗದಿದ್ರು. ಯುದ್ಧ ಆಗ್ಲಿಲ್ಲ. ರೈತರು ಬಿತ್ತಬೇಕಲ್ಲ, ಅದಕ್ಕ ನಾವ ತಗ್ಯಾಕ ಹೋದ್ವಿ. ಮೊಣಕಾಲ ಊರಿ ಕುಂತು ಕುಂತು ನಡಾ ಹಿಡೀತು. ಎದ್ದು ನಿಂತು, ಹುಡುಕದ ಜಾಗಾದಾಗ ಒಂದು ಹೆಜ್ಜಿ ಹಿಂದ ಇಟ್ಟೆ. ಅಷ್ಟ. ನನ್ನ ತಪ್ಪು. ಇದಕ್ಕ ಶಾಲು ಹಾಕ್ತಾರ."

"ಬಿತ್ತೋ ಮಂದಿ ಸಲುವಾಗಿ ಹೋಗಿದ್ರಲ್ಲ, ಅದೇನ್ ಸಣ್ಣ ಕೆಲಸಾನ್ರಿ?" ಎಂದಳು ಗೌರವ್ವ. ಯಜಮಾನರು ಶಾಲನ್ನು ಮಡಚಿ ಟ್ರಂಕಿಗೆ ಹಾಕಿದರು.

ಈಗ ನನಗಾದ ದೊಡ್ಡ ಅವಮಾನದ ಸಂಗತಿ ಹೇಳುತ್ತೇನೆ. ಎಳ್ಳಮವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ರೊಟ್ಟಿ, ಪುಂಡಿಪಲ್ಯ, ಕಡುಬು ಎಲ್ಲ ಕಲೆಸಿ, ಮನೆಯ ಯಜಮಾನ ಬೆಳೆಯ ನಡುವೆ ಸುತ್ತುತ್ತ ಚರಗ ಚೆಲ್ಲಬೇಕು, ಭೂಮಿತಾಯಿಗೆ ಉಣಿಸಬೇಕು. ಗದಿಗೆಪ್ಪನವರು ಬದುವಿನವರೆಗೆ ಬಂದರು. ಅಲ್ಲಿಗೇ ನಿಂತರು. "ಅದನ್ನ ಹಾಕ್ಕೊಂಡು ಎರಿ ಹೊಲಕ್ಕ ಇಳ್ಯಾಕ ಆಗಂಗಿಲ್ಲ, ಹೂತು ಹೋಗ್ತೈತಿ" ಎಂದರು.

ನಾನು ಹೂತು ಹೋಗುತ್ತೇನಂತೆ! ಎರೆಹೊಲದ ಮುಖವನ್ನೇ ನೋಡಿರದ ನನ್ನ ಮೇಲೆ ಈ ಅಪವಾದ. ಒಮ್ಮೆ ಇಳಿಸಿ ನೋಡಿದ್ದರೆ ಮಾತು ಬೇರೆ. ಊರಿನವರೂ ನಂಬಿಬಿಟ್ಟರು. "ಪಾಪ, ಆ ಪ್ಲಾಸ್ಟಿಕ್ ಕಾಲಾಗ ಹೊಲದ ಕೆಲಸ ಎಲ್ಲಿ ಆಗಬೇಕು? ಮೊದಲಿನ ಕಾಲಿದ್ದಾಗ ಎತ್ತು ಹೂಡಿ ಹೆಂಗ ಕುಂಟಿ ಹೊಡೀತಿದ್ದ ಗದಿಗೆಪ್ಪ!" ಎಂದು ಬದುವಿನ ಮೇಲೆ ಕೂತು ಆಡಿಕೊಂಡರು. ಅಲ್ಲೂ ಮೆರೆದದ್ದು ಆ ಕಾಲೇ.

ಆದರೆ ನಿಜ ನನಗೆ ಗೊತ್ತಿತ್ತು. ಬದುವಿನ ಅಂಚಿಗೆ ಬಂದ ಕೂಡಲೇ ಅವರ ಮೋಟುಗಾಲು ನನ್ನ ಬಟ್ಟಲೊಳಗೆ ನಡುಗುತ್ತಿತ್ತು. ಬೆವರಿ ಒದ್ದೆಯಾಗುತ್ತಿತ್ತು. ಡಾಂಬರು ರಸ್ತೆಯ ಮೇಲೆ, ಸಿಮೆಂಟಿನ ಮೇಲೆ ಎಂದೂ ಹಾಗಾಗಲಿಲ್ಲ. ಸಡಿಲ ಮಣ್ಣು ಕಂಡರೆ ಅವರಿಗೆ ಹೆದರಿಕೆ. ಅದನ್ನು ಹೆಂಡತಿಗೂ ಹೇಳಲಾರದೆ ನನ್ನ ಹೆಸರು ಕೆಡಿಸಿದರು. ಆ ಕಾಲು ಒಮ್ಮೆ ಮಣ್ಣಿಗೆ ಇಳಿದು ತಿರುಗಿ ಬರಲಿಲ್ಲ, ಅದರ ತಪ್ಪಿಗೆ ಶಿಕ್ಷೆ ನನಗೆ.

ಚರಗವನ್ನು ಗೌರವ್ವ ಚೆಲ್ಲಿದಳು. ಮುಂದಿನ ವರ್ಷವೂ ಅವಳೇ. ಉಳುಮೆ ಮಾಡಿಸುವುದು, ಬಿತ್ತನೆ, ಕಳೆ, ಕಡಲೆ ಕೀಳುವುದು, ಜೋಳ ಕೊಯ್ಯುವುದು, ಎಲ್ಲ ಅವಳ ಹೆಗಲಿಗೆ ಬಿತ್ತು. ಯಜಮಾನರು ಊರಲ್ಲಿ ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರರಾಗಿ ನಿಂತರು. ಅಲ್ಲಿ ನುಣುಪಾದ ಕಲ್ಲಿನ ನೆಲ. ನನ್ನ ಬಟ್ಟಲು ಎರಡು ಸಲ ಬದಲಾಯಿತು, ಪಾದ ಮೂರು ಸಲ ಸವೆದು ಹೊಸದು ಬಂತು. ಹಾಗಿದ್ದೂ ನಾನು ನಾನೇ. ನನ್ನ ಹೊಟ್ಟೆಕಿಚ್ಚು ಒಂದಿಷ್ಟೂ ಸವೆದಿರಲಿಲ್ಲ.

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಆಗ ಪಂಜಾಬಿನ ಗಡಿಯ ಒಂದು ಹಳ್ಳಿಯಿಂದ, ಹಳೆಯ ಪಲ್ಟನ್ನಿನ ಮೂಲಕ, ಒಂದು ಕಾಗದ ಬಂತು. 'ನಮ್ಮ ಹೊಲಗಳಿಂದ ಬಾಂಬು ತೆಗೆಯುವಾಗ ಗಾಯಗೊಂಡ ಯೋಧರಿಗೆ ನಾವು ಇಷ್ಟು ವರ್ಷ ಕೃತಜ್ಞತೆಯ ಒಂದು ಮಾತನ್ನೂ ಹೇಳಲಿಲ್ಲ. ದಯವಿಟ್ಟು ಬಂದು ನಮ್ಮ ಮನೆಯಲ್ಲಿ ಒಂದು ಹೊತ್ತು ಊಟ ಮಾಡಿ' ಎಂದು ಬರೆದಿದ್ದರು.

"ನಾ ಹೋಗಂಗಿಲ್ಲ" ಎಂದರು ಯಜಮಾನರು. ಜೀವನದಲ್ಲಿ ಮೊದಲ ಸಲ ನಮ್ಮಿಬ್ಬರ ಅಭಿಪ್ರಾಯ ಒಂದಾಯಿತು. ನಾನಾದರೂ ಯಾಕೆ ಹೋಗಲಿ? ಅದು ಆ ಕಾಲಿನ ಊರು. ಅದರ ಜಾತ್ರೆಗೆ ಅದೇ ಹೋಗಲಿ. ಗೌರವ್ವ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಉಣ್ಣಾಕ ಕರದಾರ, ಒಲ್ಲೆ ಅನಬಾರದು" ಎಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ರೈಲು ಹತ್ತಿಸಿದಳು.

ಆ ಕಾಲು ಹೋದ ಹೊಲದ ಮಾಲೀಕನ ಹೆಸರು ಗುರ್‌ಮೇಜ್ ಸಿಂಗ್. ಬಿಳಿಗಡ್ಡದ ಮುದುಕ. ಕೊರಳಿಗೆ ಕೇಸರಿ ಬಟ್ಟೆ ಹಾಕಿ, ಊಟಕ್ಕೆ ಕೂರಿಸಿ, ತಾನೇ ನಿಂತು ಬಡಿಸಿದ. ಊಟವಾದ ಮೇಲೆ ಹೊಲದ ಬದುವಿಗೆ ಕರೆದುಕೊಂಡು ಹೋದ. ಗೋಧಿ ಬಿತ್ತನೆಗೆಂದು ಹೊಲವನ್ನು ಆಗಷ್ಟೇ ಉತ್ತು ಬಿಟ್ಟಿದ್ದರು. ಮಣ್ಣು ಹಿಟ್ಟಿನ ಹಾಗೆ ಸಡಿಲವಾಗಿ ಬಿದ್ದಿತ್ತು.

ನಾನು ಅಲ್ಲಿ ಕಟ್ಟೆ, ಕಲ್ಲು, ದೀಪ ಏನಾದರೂ ಇರುತ್ತದೆಂದು ಹುಡುಕಿದೆ. ಆ ಕಾಲಿಗೆ ಗುಡಿ ಕಟ್ಟಿದ್ದರೂ ನಾನು ಆಶ್ಚರ್ಯಪಡುತ್ತಿರಲಿಲ್ಲ. ಮುದುಕ ಹಿಂದಿಯಲ್ಲಿ ಹೇಳಿದ ಮಾತು ಬೇರೆಯೇ ಆಗಿತ್ತು: "ಫೌಜಿ ಸಾಹೇಬರೇ, ನಾನು ನಿಮ್ಮ ಕ್ಷಮೆ ಕೇಳಬೇಕು. ನಿಮ್ಮ ಕಾಲು ಹೋದ ಜಾಗ ಬಿಟ್ಟು ಉಳು ಅಂತ ಊರವರು ಹೇಳಿದರು. ನನಗಿರೋದೇ ಇಷ್ಟು ಭೂಮಿ. ಮೊದಲ ವರ್ಷವೇ ಅಲ್ಲೂ ಉತ್ತೆ. ಇಪ್ಪತ್ತು ವರ್ಷ ಅಲ್ಲಿನ ಗೋಧಿ ನಮ್ಮ ಮಕ್ಕಳು ತಿಂದಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲರ ಎರಡೂ ಕಾಲು ಸರಿಯಾಗಿವೆ."

ಯಜಮಾನರು ಮೊದಲು ನಕ್ಕರು. ಆಮೇಲೆ ಮುದುಕನ ಎರಡೂ ಕೈ ಹಿಡಿದುಕೊಂಡು ಅತ್ತರು. ಶಾಲು ಹೊದಿಸಿದಾಗ ಎಂದೂ ಅತ್ತವರಲ್ಲ. ನನಗೋ, ಅಲ್ಲೂ ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷ ಗೋಧಿಯಾಗಿ ಒಂದು ಮನೆಯ ಹೊಟ್ಟೆ ತುಂಬಿಸಿತಂತೆ ಆ ಕಾಲು. ನಾನು ಬ್ಯಾಂಕಿನ ಬಾಗಿಲಲ್ಲಿ ನಿಂತು ಏನು ಬೆಳೆದೆ?

"ಅವತ್ತು ನಾನು ಆ ಕಡೆಯ ಬದುವಿನವರೆಗೂ ಹೋಗಬೇಕಿತ್ತು" ಎಂದರು ಯಜಮಾನರು. "ಅರ್ಧಕ್ಕೇ ಉಳೀತು."

"ಈಗ ಹೋಗಿ" ಎಂದ ಮುದುಕ.

ಬಟ್ಟಲೊಳಗೆ ನಡುಕ ಶುರುವಾಯಿತು. ಯಾವತ್ತಿಗಿಂತ ಜೋರಾಗಿ. ಯಜಮಾನರು ಬಾಯಿ ತೆರೆದರು. ಮತ್ತೆ ನನ್ನ ಮೇಲೆಯೇ ಹಾಕುತ್ತಾರೆ, ಹೂತು ಹೋಗುತ್ತದೆ ಅನ್ನುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಗೌರವ್ವ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡಳು. "ನಾ ಮುಂದ ನಡೀತೀನಿ. ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಟಗೋಂತ ಬರ್ರಿ" ಎಂದು ಬದುವಿನಿಂದ ಕೆಳಗೆ ಕಾಲು ಚಾಚಿದಳು.

ಅವಳಿಗೆ ಗೊತ್ತಿರಲಿಲ್ಲ, ಬಾಂಬಿರುವ ಹೊಲದಲ್ಲಿ ನಡೆಯುವ ನಿಯಮವೇ ಅದು. ಒಬ್ಬ ಮುಂದೆ ಹೋಗಬೇಕು, ಉಳಿದವರು ಅವನ ಹೆಜ್ಜೆಯಲ್ಲೇ ಹೆಜ್ಜೆ ಇಡಬೇಕು. ಹಾಗೆ ಮುಂದೆ ಹೋಗುತ್ತಿದ್ದವರು ಗದಿಗೆಪ್ಪ. ಅವರು ಹೆಂಡತಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು.

"ಇಪ್ಪತ್ತು ವರ್ಷ ನೀನ ಮುಂದ ಹೋದಿ" ಎಂದರು. "ನಾ ಬದುವಿನ ಮ್ಯಾಲ ನಿಂತು ನೋಡಿದೆ. ಅದು ಹೂತು ಹೋಗ್ತದ ಅಂದಿದ್ದು ಸುಳ್ಳು, ಗೌರಿ. ನನಗ ಹೆದರಿಕಿ ಇತ್ತು."

"ನನಗ ಗೊತ್ತಿತ್ರಿ" ಎಂದಳು ಗೌರವ್ವ.

ಯಜಮಾನರು ನನ್ನ ಕಡೆ ಬಗ್ಗಿ ಪಟ್ಟಿ ಬಿಗಿ ಮಾಡಿದರು. "ಮೊದಲು ಇದು ಹೋಗಲಿ" ಎಂದರು. ಬಾಂಬಿದ್ದರೆ ಸಿಡಿಯುವುದು ನನ್ನ ಕೆಳಗೆ ಎಂದು ತಾನೇ ಅದರ ಅರ್ಥ? ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸೈನ್ಯದವರು ತಮಗೆ ನಂಬಿಕೆ ಇದ್ದವರನ್ನಲ್ಲವೇ ಮುಂದೆ ಕಳಿಸುವುದು?

ನಾನು ಮಣ್ಣಿಗೆ ಇಳಿದೆ. ನಾಲ್ಕು ಬೆರಳಿನಷ್ಟು ಹೂತುಕೊಂಡೆ, ಆಮೇಲೆ ಗಟ್ಟಿ ನೆಲ ಸಿಕ್ಕಿತು. ಯಜಮಾನರ ಪೂರ್ತಿ ಭಾರ ನನ್ನ ಮೇಲೆ ಬಂತು. ತಡೆದೆ. ಬಲಗಾಲು ಬಂತು, ಮತ್ತೆ ನಾನು. ಹೊಲದ ನಡುವೆ ಬಂದಾಗ ಮುದುಕ ಹಿಂದಿನಿಂದ "ಅಲ್ಲೇ" ಎಂದು ಕೂಗಿದ. ಯಜಮಾನರು ನಿಂತು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಕಾಲು ಬಂದಿದ್ದು ಅಲ್ಲಿಯವರೆಗೆ ಮಾತ್ರ. ಅಲ್ಲಿಂದಾಚೆ ಒಂದು ಗೇಣೂ ಅದಕ್ಕೆ ಗೊತ್ತಿಲ್ಲ. ಉಳಿದರ್ಧ ಹೊಲವನ್ನು ನಾನು ನಡೆದೆ. ಆಚೆಯ ಬದು ಹತ್ತಿದಾಗ ನಡುಕ ಪೂರ್ತಿ ನಿಂತಿತ್ತು. ನನ್ನ ಬಟ್ಟಲಿನ ಅಂಚು ಮಾತ್ರ ಸೀಳಿಹೋಗಿತ್ತು.

ಊರಿಗೆ ಮರಳಿದ ಮೇಲೆ ಆ ಸೀಳು ಇಟ್ಟುಕೊಂಡೇ ನಾಲ್ಕು ಬೆಳೆ ತೆಗೆದೆವು. ಕಡಲೆ ಬಿತ್ತಿದೆವು, ಜೋಳದ ಕಾವಲು ಕಾದೆವು, ಎಳ್ಳಮವಾಸ್ಯೆಯಂದು ಹೊಲ ಸುತ್ತಿದೆವು. ಕೊನೆಗೆ ಬಟ್ಟಲು ಎರಡು ಹೋಳಾಯಿತು. ಈ ಸಲ ಬಟ್ಟಲು ಬದಲಿಸದೆ ಪುಣೆಯವರು ಪೂರ್ತಿ ಹೊಸ ಕಾಲನ್ನೇ ಕಳಿಸಿದರು. ಹಗುರ, ನುಣುಪು, ಬಣ್ಣವೂ ಯಜಮಾನರ ಮೈಗೆ ಸರಿಯಾಗಿ ಹೊಂದುವಂಥದ್ದು. ನನ್ನನ್ನು ಹೊಲದ ಗುಡಿಸಲಿನ ಕಂಬಕ್ಕೆ ತೂಗುಹಾಕಿದರು. ಇಲ್ಲಿಂದ ಹೊಲವೆಲ್ಲ ಕಾಣುತ್ತದೆ. ಆ ಹಾಳಾದ್ದು ಸಾಲಿನ ನಡುವೆ ಎಷ್ಟು ಚೆನ್ನಾಗಿ ನಡೆಯುತ್ತದೆಂದು ನೋಡಿ ನೋಡಿ ನಾನು ಸುಟ್ಟುಹೋಗಿದ್ದೇನೆ. ವಯಸ್ಸಾದರೆ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊನ್ನೆ ಶಿವನಗೌಡರು ಸನ್ಮಾನಕ್ಕೆ ಕರೆಯಲು ಹೊಲಕ್ಕೇ ಬಂದಿದ್ದರು. ಅವರಿಗೂ ಈಗ ಕೋಲು ಬೇಕು. ನೆರಳಿಗೆಂದು ಗುಡಿಸಲೊಳಗೆ ಬಂದು ನನ್ನನ್ನು ಕಂಡರು. ಹಿಂದೆಯೇ ಯಜಮಾನರು ಹಣೆಯ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು.

"ಏನೋ ಗದಿಗೆಪ್ಪಾ, ಏನಿದು ಕಂಬಕ್ಕ ತೂಗ ಹಾಕೀದಿ?"

"ಅದಾ ಗೌಡ್ರ? ಅದು ನನ್ನ ಕಾಲು."

"ಮತ್ತ ಈಗ ಹಾಕ್ಕೊಂಡಿದ್ದು?"

"ಇದು ಹೊಸಾದು. ಇನ್ನೂ ಕಲೀಬೇಕು" ಎಂದರು ಯಜಮಾನರು.

ಹೊಸ ಕಾಲಿನ ಹೊಟ್ಟೆಯಲ್ಲಿ ಆಗ ಏನಾಯಿತೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಈ ಲೋಕದಲ್ಲಿ ಇನ್ನೊಬ್ಬರಿಲ್ಲ.