ಸೆಲಿನ್ ಮಲಗಿದ್ದ ಮಧ್ಯಾಹ್ನ

ನನ್ನ ಹೆಂಡತಿ ಥ್ರೇಸ್ಯಾಮ್ಮನಿಗೆ ಇನ್ನು ಹೆಚ್ಚು ದಿನ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಪಾಲಾ ಪಟ್ಟಣದ ಆಸ್ಪತ್ರೆಯ ಡಾಕ್ಟರು ಹೇಳಿದ ದಿನವೇ ನಾನು ಹ್ಯೂಸ್ಟನ್ನಿಗೆ ಫೋನ್ ಮಾಡಿದೆ. ಅವಳ ತಂಗಿ ಸೆಲಿನ್ ಇಪ್ಪತ್ತೆರಡು ವರ್ಷದಿಂದ ಅಲ್ಲಿ ನರ್ಸು. "ಹೊರಟೆ ಅಚ್ಚಾಯ" ಎಂದಷ್ಟೇ ಹೇಳಿ ಇಟ್ಟಳು; ಭಾವನಾದ ನನ್ನನ್ನು ಅವಳು ಕರೆಯುವುದು ಹಾಗೆಯೇ. ಮೂರನೇ ದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಕಾರಿನಿಂದಿಳಿದಳು.

ಇಬ್ಬರಿಗೂ ಹದಿನಾಲ್ಕು ವರ್ಷದ ಅಂತರ. ಸೆಲಿನ್‌ಳನ್ನು ಹೆತ್ತು ಎಂಟು ದಿನಕ್ಕೆ ಅಮ್ಮ ತೀರಿಕೊಂಡಿದ್ದರು. ಅಂದಿನಿಂದ ಆ ಕೂಸು ಅಕ್ಕನನ್ನು ಚೇಚಿ ಎನ್ನುತ್ತ ಥ್ರೇಸ್ಯಳ ಸೊಂಟದ ಮೇಲೇ ಬೆಳೆದದ್ದು. ನಮಗೆ ಮಕ್ಕಳಾಗಲಿಲ್ಲ, ಆ ಕೊರತೆಯನ್ನು ಥ್ರೇಸ್ಯ ಒಂದು ದಿನವೂ ಆಡಿದವಳಲ್ಲ.

ಸೆಲಿನ್ ಉಟ್ಟ ಬಟ್ಟೆ ಬದಲಿಸದೆ ಅಕ್ಕನ ಕಾಲಿನ ಬಾವು ಒತ್ತಿ ನೋಡಿದಳು, ಬೆನ್ನು ತಿರುಗಿಸಿ ಹುಣ್ಣು ತೊಳೆದಳು.

"ಒಂದೇ ಮಗ್ಗುಲಲ್ಲಿ ಮಲಗಿಸಿದ್ದೀರಲ್ಲ ಅಚ್ಚಾಯ!"

"ಅವರಿಗೆ ರಬ್ಬರ್ ಮರ ಬಿಟ್ರೆ ಇನ್ನೇನು ಗೊತ್ತು, ಬೈಬೇಡ" ಎಂದು ಥ್ರೇಸ್ಯ ಅರೆಮಂಪರಿನಲ್ಲೇ ನಕ್ಕಳು.

ನೋವಿನ ಇಂಜೆಕ್ಷನ್ನಿನ ಮಂಪರು ಇಳಿದು ಅವಳಿಗೆ ಪೂರ್ತಿ ತಿಳಿವು ಬರುತ್ತಿದ್ದುದು ಮಧ್ಯಾಹ್ನ ಎರಡರ ಮೇಲೆ. ಮೂರ್ನಾಲ್ಕು ಗಂಟೆ ಚೆನ್ನಾಗಿ ಮಾತಾಡುವಳು. ಸೆಲಿನ್‌ಳ ತಲೆ ಸರಿಯಾಗಿ ಆಗಲೇ ಎದೆಗೆ ಜೋಲುತ್ತಿತ್ತು. ಹಾಲಿಲ್ಲದ ಕಟ್ಟನ್ ಕಾಪಿ ಕುಡಿದಳು, ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡಳು, ನಿಂತುಕೊಂಡೇ ಅಕ್ಕನ ಕಾಲು ಒತ್ತಿದಳು. ನಿಂತಲ್ಲೇ ತೂಗಿದಳು. ಅಕ್ಕ ಏನೋ ಹೇಳುತ್ತಿದ್ದಂತೆ ಇವಳು ಕುರ್ಚಿಯಲ್ಲಿ ನಿದ್ದೆ. ಎಚ್ಚರವಾಗುವ ಹೊತ್ತಿಗೆ ಅಕ್ಕ ಮತ್ತೆ ಮಂಪರಿನಲ್ಲಿ.

"ಜೆಟ್ ಲ್ಯಾಗ್ ಅಚ್ಚಾಯ. ಇಲ್ಲಿ ಎರಡೂವರೆ ಅಂದ್ರೆ ನನ್ನ ಮೈಗೆ ಬೆಳಗಿನ ಜಾವ ನಾಲ್ಕು. ದಿನಕ್ಕೆ ಒಂದು ಗಂಟೆಯಷ್ಟೇ ಸರಿಹೋಗೋದು."

"ಹಾಗಾದ್ರೆ ಹತ್ತು ದಿನ ಬೇಕು" ಎಂದೆ. ಹೇಳಿದ ಮೇಲೆ ಇಬ್ಬರೂ ಮಂಚದ ಕಡೆ ನೋಡಿದೆವು.

ಮೂರನೇ ಮಧ್ಯಾಹ್ನ ಊಟಕ್ಕೆ ಮೊದಲೇ ಸೆಲಿನ್ ನನ್ನ ಕೈಹಿಡಿದು ಹೇಳಿದಳು: "ಇವತ್ತು ಕಣ್ಣು ಮುಚ್ಚಿದ್ರೆ ಕೆನ್ನೆಗೆ ಹೊಡೆದಾದ್ರೂ ಎಬ್ಬಿಸಿ. ಚೇಚಿ ಹತ್ರ ಮಾತಾಡೋದಿದೆ."

ಒಪ್ಪಿದೆ. ಎರಡೂಕಾಲಿಗೆ ಅವಳು ಮಂಚದ ಅಂಚಿಗೆ ತಲೆಯಿಟ್ಟು ಮಲಗಿಬಿಟ್ಟಳು. ಭುಜ ಅಲುಗಿಸಲು ಹೋದೆ. ಥ್ರೇಸ್ಯ ಕಣ್ಣು ಬಿಟ್ಟಿದ್ದಳು.

"ಎಬ್ಬಿಸ್ಬೇಡಿ."

"ಅವಳೇ ಹೇಳಿದ್ದಾಳೆ ಕಣೇ."

"ಪಾಪ, ಎಷ್ಟು ದೂರದಿಂದ ಬಂದಿದೆ ಮಗು. ಅದು ಮಲಗಿದ್ದು ನೋಡಿ ಎಷ್ಟು ವರ್ಷ ಆಯ್ತು... ಬಾಯಿ ನೋಡಿ, ಈಗಲೂ ತೆರ್ಕೊಂಡೇ ಮಲಗ್ತಾಳೆ."

ತಂಗಿಯ ಒದ್ದೆ ಕೂದಲಲ್ಲಿ ಬೆರಳಾಡಿಸುತ್ತ ಇದ್ದಳು. ಮೂರು ಗಂಟೆ ಹೊಡೆದ ಮೇಲೆ ಥ್ರೇಸ್ಯಳ ಉಸಿರು ಬದಲಾಯಿತು. ಉದ್ದಕ್ಕೆ ಎಳೆದು, ನಿಲ್ಲಿಸಿ, ಮತ್ತೆ ಎಳೆದಳು. ನಾನು ಎದ್ದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಬಲ ಎಲ್ಲಿತ್ತೋ. ಬೇಡ ಎಂದು ತಲೆಯಾಡಿಸಿದಳು. ನಾನು ಕುಳಿತೆ. ನಾಲ್ಕಕ್ಕೆ ಇಪ್ಪತ್ತು ನಿಮಿಷ ಇರುವಾಗ ಆ ಹಿಡಿತ ಸಡಿಲವಾಯಿತು.

ಆಗಲೂ ನಾನು ಎಬ್ಬಿಸಲಿಲ್ಲ. ಎಬ್ಬಿಸಿ ಏನು ಹೇಳಲಿ?

ಐದರ ಹೊತ್ತಿಗೆ ಸೆಲಿನ್ ತಾನಾಗಿಯೇ ತಲೆಯೆತ್ತಿ, ಕಿಟಕಿಯ ಬಿಸಿಲು ನೋಡಿ, ಬೆಳಗಾಯಿತೆಂದುಕೊಂಡಳು. "ಚೇಚಿಗೆ ಗಂಜಿ ಕೊಟ್ರಾ ಅಚ್ಚಾಯ?" ಎನ್ನುತ್ತ ಅಭ್ಯಾಸಬಲದಿಂದ ಅಕ್ಕನ ಕೈ ಎತ್ತಿ ನಾಡಿ ಹಿಡಿದಳು. ಬೆರಳು ಅಲ್ಲೇ ನಿಂತವು. ಜಾಗ ಬದಲಿಸಿ ಮತ್ತೊಮ್ಮೆ ಹಿಡಿದಳು.

"ಯಾವಾಗ?"

ಹೇಳಿದೆ.

"ಯಾರ್ಯಾರದೋ ಸಾವಿನ ಪಕ್ಕ ಕಣ್ಣು ಮಿಟುಕಿಸದೆ ಕೂತಿದ್ದೀನಿ ನಾನು" ಎಂದಳು. ಅವಳ ದನಿ ಏರಲಿಲ್ಲ. "ಹೆಸರೂ ಗೊತ್ತಿಲ್ಲದವರ ಪಕ್ಕ. ಯಾಕೆ ಎಬ್ಬಿಸ್ಲಿಲ್ಲ?"

"ಅವಳು ಬೇಡ ಅಂದ್ಲು ಮಗಳೇ."

"ಅವಳು ಹಾಗೇ ಅಂತಾಳೆ. ನೀವು ಎಬ್ಬಿಸ್ಬೇಕಿತ್ತು."

ಹೌದು, ಎಬ್ಬಿಸಬೇಕಿತ್ತು. ಎಬ್ಬಿಸಿದ್ದರೆ ಥ್ರೇಸ್ಯಳ ಕೊನೆಯ ಮಾತನ್ನು ಮೀರಿದ ಹಾಗಾಗುತ್ತಿತ್ತು. ಇವತ್ತಿಗೂ ನನಗೆ ಎರಡರಲ್ಲಿ ಯಾವುದು ಸರಿಯೆಂದು ಗೊತ್ತಿಲ್ಲ.

ಮಣ್ಣು ಮಾಡಿದ ಮೇಲೆ ಸೆಲಿನ್ ಒಂದು ವಾರ ಇದ್ದಳು. ಕೊನೆಕೊನೆಗೆ ಮಧ್ಯಾಹ್ನ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ. ಖಾಲಿ ಮಂಚದ ಪಕ್ಕ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಹೊರಡುವ ದಿನ ಕಾರಿನ ಬಾಗಿಲು ಹಿಡಿದು, ನನ್ನ ಮುಖ ನೋಡದೆ ಕೇಳಿದಳು: "ಚೇಚಿ ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

"ಬಾಯಿ ತೆರ್ಕೊಂಡು ಮಲಗ್ತಾಳೆ ಅಂದ್ಲು."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಮನೆಯ ಮೆಟ್ಟಿಲ ಮೇಲೆ ಕುಸಿದಳು. ಡ್ರೈವರ್ ಎರಡು ಸಲ ಹೊತ್ತಾಯಿತೆಂದ. ನಾನು ಅವಳ ಪಕ್ಕದಲ್ಲಿ ಕೂತೆ.